ಚೆನ್ನಾಗಿ ಕಾಣುವ ಕ್ಯಾಮೆರಾ

ಗಿಡ್ಡಮ್ಮನ ಲೈನು ಮನೆಯ ಹಿಂಗೋಡೆ ಆಗಸ್ಟಿನ ಮಳೆಗೆ ಬಿತ್ತು. ಲೈನಿನ ಆಳುಗಳ ಮನೆಗಳೆಲ್ಲ ಸುಸ್ಥಿತಿಯಲ್ಲಿವೆ ಎಂದು ಮುಂದಿನ ತಿಂಗಳು ಎಸ್ಟೇಟಿನಿಂದ ವರದಿ ಹೋಯಿತು.

ವರದಿಯನ್ನು ಬರೆದವನು ಚನ್ನಕೇಶವ. ಜಾವಳಿಯ ಆಚೆಗಿನ ಮಂಜಯ್ಯನವರ ಕಾಫಿ ಎಸ್ಟೇಟಿನಲ್ಲಿ ಅವನು ರೈಟರು. ರೈಟರು ಅಂದರೆ ಬರೆಯುವವನು. ಏನನ್ನು ಬರೆಯಬೇಕೆಂದು ಹೇಳುವವರು ಬೇರೆ ಇರುತ್ತಾರೆ. ಈ ಎರಡು ಕೆಲಸವನ್ನೂ ಒಬ್ಬನೇ ಮಾಡತೊಡಗಿದರೆ ಎಸ್ಟೇಟು ನಡೆಯುವುದಿಲ್ಲ ಎಂಬುದು ಆ ಸೀಮೆಯಲ್ಲಿ ಎಲ್ಲರೂ ಒಪ್ಪಿಕೊಂಡ ಧರ್ಮ. ಚನ್ನಕೇಶವ ಧರ್ಮ ಮೀರಿದವನಲ್ಲ. 'ಸುಸ್ಥಿತಿ' ಎಂಬ ಪದದ ಒತ್ತಕ್ಷರಕ್ಕೆ ಹೊಟ್ಟೆ ಸೀಳಬೇಕೋ ಬೇಡವೋ ಎಂದು ಅರ್ಧ ದಿನ ತಲೆ ಕೆಡಿಸಿಕೊಂಡ. ಕೊನೆಗೆ ಸೀಳಿದ. ಗೋಡೆಯ ಬಗ್ಗೆ ತಲೆ ಕೆಡಿಸಿಕೊಳ್ಳಲು ಹೊತ್ತು ಉಳಿಯಲಿಲ್ಲ.

ಗೋಡೆ ಕಟ್ಟಿಸಿಕೊಡಿ ಎಂದು ಗಿಡ್ಡಮ್ಮ ಬಂಗಲೆಯ ಮೆಟ್ಟಿಲ ಕೆಳಗೆ ನಿಂತು ಕೇಳಿದಳು. ಮಂಜಯ್ಯನವರು ಶಾಂತವಾಗಿಯೇ ಉತ್ತರಿಸಿದರು. "ನಿಂಗೊಂದು ಗೋಡೆ ಕಟ್ಟಿಸಿದ್ರೆ ಇಡೀ ಲೈನು ಗೋಡೆ ಕೇಳ್ತದೆ. ಗಾಳಿ ಆಡ್ತದೆ ಬಿಡು, ಆರೋಗ್ಯಕ್ಕೆ ಒಳ್ಳೇದು."

ಗಿಡ್ಡಮ್ಮ ಗೋಣಿತಾಟು ಹೊಲಿದು ಆ ಜಾಗಕ್ಕೆ ಕಟ್ಟಿದಳು. ಮಳೆಗಾಲ, ಚಳಿಗಾಲ ಎರಡನ್ನೂ ಗೋಣಿತಾಟಿನ ಹಿಂದೆಯೇ ಕಳೆದಳು. ಅವಳು ಇನ್ನೂ ಕಳೆಯಬಹುದಿತ್ತು. ಆದರೆ ಮಗಳು ಪವಿತ್ರಾ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅದು ಸರ್ಕಾರ ಬದಲಾದರೂ ಬದಲಾಗದ ಕಾನೂನು. ಪವಿತ್ರಾಳ ಗಂಡ ಕುದುರೆಮುಖದ ಗಣಿಯಲ್ಲಿ ಕಂಟ್ರಾಕ್ಟ್ ಕೆಲಸಕ್ಕಿದ್ದವನು, ಗಣಿ ನಿಂತ ಮೇಲೆ ಗೋಣಿಬೀಡಿನ ತಾಯಿ ಮನೆಗೆ ಬಂದು ಸೇರಿದ್ದ. ಆ ಮನೆಯಲ್ಲಿ ತಿಂಗಳು ತುಂಬುತ್ತಿದ್ದರೂ ಬಾವಿಯ ನೀರನ್ನು ಪವಿತ್ರಾಳೇ ಸೇದಬೇಕಿತ್ತು.

ಸೊಸೆಯನ್ನು ಕಳಿಸುವ ಮೊದಲು ಮನೆ ನೋಡಿಕೊಂಡು ಹೋಗಲು ಅವಳ ಅತ್ತೆ ಜವರಮ್ಮ ತಾನೇ ಬಂದಳು. ಮನೆ ಪರೀಕ್ಷೆಗೆ ಜವರಮ್ಮನಿಗೆ ಯಾವ ಯಂತ್ರವೂ ಬೇಕಿರಲಿಲ್ಲ. ನೇರ ಹಿಂದಕ್ಕೆ ಹೋಗಿ ಗೋಣಿತಾಟಿನೊಳಗೆ ಕೈ ತೂರಿಸಿದಳು. ಕೈ ಆಚೆ ಬಂತು. ಹೊರಗೆ ಮೇಯುತ್ತಿದ್ದ ಯಾರದೋ ಹಸು ಅದನ್ನು ಮೂಸಿ ನೋಡಿತು.

"ಹಿತ್ತಿಲ ಬಾಗಿಲು ಬಲು ದೊಡ್ಡದಾಗಿ ಇಡಿಸಿದೀರಲ್ಲ ಬೀಗಿತ್ತಿ!"

"ಬಾಗಿಲಲ್ಲ, ಗೋಡೆ. ಬಿದ್ದಿದೆ."

"ಬಿದ್ದ ಮೇಲೆ ಗೋಡೆ ಅಂತ್ಯಾಕೆ ಅಂತೀರಿ, ಮಣ್ಣು ಅನ್ನಿ. ಬಾಣಂತಿ ಮಲಗಿರೋವಾಗ ಕಾಡುಹಂದಿ ಒಳಗೆ ಬಂದು, ಮಗೂಗೆ ಏನು ಹೆಸರಿಟ್ರಿ ಅಂತ ಕೇಳ್ಬೇಕಾ? ಗೋಡೆ ಎದ್ದ ದಿನ ಹೇಳಿ ಕಳಿಸಿ, ಕರ್ಕೊಂಡು ಬರ್ತೀನಿ. ಇಲ್ಲಾಂದ್ರೆ ಅವಳು ನಮ್ಮ ಕೊಟ್ಟಿಗೆ ಪಕ್ಕದಲ್ಲೇ ಹೆರ್ಲಿ. ತವರಿಲ್ಲದೋಳು ಅಂತ ಊರು ಆಡ್ಕೊಳ್ಳತ್ತೆ. ಆಡ್ಕೊಳ್ಳಿ."

ಜವರಮ್ಮ ಕಾಫಿಯನ್ನೂ ಕುಡಿಯದೆ ಹೊರಟುಹೋದಳು.

ಅದೇ ವಾರ ಮಂಜಯ್ಯನವರು ಚನ್ನಕೇಶವನನ್ನು ಬಂಗಲೆಗೆ ಕರೆಸಿದರು.

"ನಿಂಗೆ ಡಿಜಿಟಲ್ ಕ್ಯಾಮೆರಾ ಗೊತ್ತೇನೋ?"

"ಗೊತ್ತು ಸಾರ್."

ಚನ್ನಕೇಶವನ ಕೈಯಲ್ಲಿ ಡಿಜಿಟಲ್ ವಾಚು ಇತ್ತು. ಡಿಜಿಟಲ್ಲಿನ ಪೈಕಿ ಒಂದು ಗೊತ್ತಿದ್ದ ಮೇಲೆ ಎಲ್ಲವೂ ಗೊತ್ತಿದ್ದಂತೆಯೇ ಎಂಬುದು ಅವನ ನಂಬಿಕೆ. ಇಷ್ಟೇ ಆಧಾರದ ಮೇಲೆ ದೇಶದಲ್ಲಿ ಎಷ್ಟೋ ದೊಡ್ಡ ಕೆಲಸಗಳು ನಡೆಯುತ್ತಿರುವಾಗ ಅವನೊಬ್ಬನನ್ನೇ ದೂರುವಂತಿಲ್ಲ.

"ನಮ್ಮ ಕಾಫಿ ಕೊಳ್ಳೋ ಪರದೇಶದೋರು ಕಾಗದ ಬರ್ದಿದಾರೆ. ಕಾಫಿ ಕುಡ್ದು ಸುಮ್ನೆ ಕೂರೋದು ಬಿಟ್ಟು ಅವ್ರಿಗೆ ನಮ್ಮ ಆಳುಗಳ ಮನೆ ನೋಡ್ಬೇಕಂತೆ. ಒಂದೊಂದು ಮನೇನೂ ಪರೀಕ್ಷೆ ಮಾಡಿ ಫೋಟೊ ಕಳಿಸ್ಬೇಕಂತೆ. ಆಮೇಲೆ ಅವ್ರ ಕಡೆಯೋರು ಬಂದು ನೋಡ್ತಾರೆ. ನೀನು ಚಿಕ್ಕಮಗಳೂರಿಗೆ ಹೋಗಿ ಒಂದು ಒಳ್ಳೇ ಕ್ಯಾಮೆರಾ ಆರಿಸ್ಕೊಂಡು ಬಾ. ಒಂದೇ ಮಾತು ನೆನಪಿಟ್ಕೊ. ಮನೆ ಚೆನ್ನಾಗಿ ಕಾಣಬೇಕು."

ಕನ್ನಡ ಭಾಷೆ ಪುರಾತನವಾದುದು, ಸಂಪನ್ನವಾದುದು. ಆದರೂ ಅಂದವಾಗಿ ಕಾಣುವುದಕ್ಕೂ ಸ್ಪಷ್ಟವಾಗಿ ಕಾಣುವುದಕ್ಕೂ ಅದು 'ಚೆನ್ನಾಗಿ ಕಾಣುವುದು' ಎಂಬ ಒಂದೇ ಮಾತನ್ನು ಇಟ್ಟುಕೊಂಡಿದೆ. ಬಂಗಲೆಯ ಜಗುಲಿಯ ಮೇಲೆ ಕೂತು ಆಡಿದಾಗ ಅದಕ್ಕೆ ಒಂದು ಅರ್ಥ. ಮೆಟ್ಟಿಲ ಕೆಳಗೆ ನಿಂತು ಕೇಳಿಸಿಕೊಂಡವನಿಗೆ ಇನ್ನೊಂದು. ಚನ್ನಕೇಶವ ಕೆಳಗೆ ನಿಂತಿದ್ದ.

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಫೋಟೊ ಅಂಗಡಿಯಲ್ಲಿ ಮಾಲೀಕ ರುದ್ರಪ್ಪ ಒಂದು ತೆಳ್ಳನೆಯ ಬೆಳ್ಳಿ ಬಣ್ಣದ ಕ್ಯಾಮೆರಾವನ್ನು ನಿಶ್ಚಿತಾರ್ಥದ ಉಂಗುರದ ಹಾಗೆ ಮೆತ್ತನೆಯ ಬಟ್ಟೆಯ ಮೇಲಿಟ್ಟು ಮುಂದೆ ಸರಿಸಿದ.

"ಇದು ಅಂಗಿ ಜೇಬಿನಲ್ಲಿ ಹೋಗ್ತದೆ. ಮುಖದ ಮೇಲಿನ ಕಲೆ ಕಾಣಲ್ಲ. ಹೆಣ್ಣು ತೋರಿಸೋ ಫೋಟೊಕ್ಕೆ ಎಲ್ಲರೂ ಇದನ್ನೇ ಒಯ್ಯೋದು."

"ಗೋಡೆ ಮೇಲಿನ ಕಲೆ?"

"ಯಾರ ಗೋಡೆ?"

"ಯಾರದ್ದಾದ್ರೂ."

"ಅದೂ ಕಾಣಲ್ಲ."

"ಹಾಗಾದ್ರೆ ಬೇಡ," ಎಂದ ಚನ್ನಕೇಶವ.

ಕಲೆ ಕಾಣುವ ಕ್ಯಾಮೆರಾ ಕೊಡಿ ಎಂದು ಕೇಳಿದ ಗಿರಾಕಿಯನ್ನು ರುದ್ರಪ್ಪ ಕಂಡದ್ದು ಅದೇ ಮೊದಲು. "ತಾವು ಪೊಲೀಸ್ ಇಲಾಖೆಯೋರಾ?" ಎಂದು ದನಿ ತಗ್ಗಿಸಿ ಕೇಳಿದ.

"ಎಸ್ಟೇಟಿನೋನು. ಮನೆ ಪರೀಕ್ಷೆ ಮಾಡ್ಬೇಕು. ಮನೆ ಚೆನ್ನಾಗಿ ಕಾಣಬೇಕು ಅಂತ ಸಾಹುಕಾರ್ರ ಆರ್ಡರು."

ರುದ್ರಪ್ಪ ಉದ್ದ ಮೂತಿಯ ಇನ್ನೊಂದನ್ನು ತೆಗೆದ. "ಇದ್ರಲ್ಲಿ ಮುಳ್ಳಯ್ಯನಗಿರಿ ಮೇಲೆ ಕೂತ ಹಕ್ಕಿಯ ಕಣ್ಣು ಕಾಣ್ತದೆ."

"ನಮ್ಮ ಲೈನು ಮನೆಯೊಳಗೆ ಅಷ್ಟು ದೂರ ನಿಲ್ಲೋಕೆ ಜಾಗ ಎಲ್ಲಿದೆ ಮಾರಾಯ್ರೆ? ಹಿಂದಕ್ಕೆ ಸರಿದ್ರೆ ಒಲೆ ಮೇಲೆ ಕೂರ್ಬೇಕು. ಹತ್ತಿರ ನಿಂತ್ರೂ ಇಡೀ ಕೋಣೆ ಒಂದೇ ಸಲಕ್ಕೆ ಹಿಡಿಯೋದು ಬೇಕು. ಒಳಗೆ ಕತ್ತಲೆ, ಬೆಳಕು ಜೋರಾಗಿ ಬೀಳ್ಬೇಕು. ಕರೆಂಟು ಎಲ್ಲರ ಮನೇಲೂ ಇಲ್ಲ, ಅಂಗಡೀಲಿ ಸಿಗೋ ಸೆಲ್ಲಲ್ಲೇ ನಡೀಬೇಕು."

ರುದ್ರಪ್ಪ ಕಪಾಟಿನ ಕೆಳಗಿನಿಂದ ದಪ್ಪನೆಯ, ಕಪ್ಪನೆಯ, ನೋಡಲು ಕಪ್ಪೆಯಂತಿದ್ದ ಒಂದನ್ನು ಹೊರಗೆಳೆದು ಧೂಳು ಊದಿದ. "ನೀವು ಕೇಳಿದ್ದೆಲ್ಲಾ ಇದ್ರಲ್ಲಿದೆ. ಒಬ್ರು ಇಂಜಿನಿಯರ್ರು ತಗೊಂಡು ಹೋಗಿ ವಾಪಸ್ ತಂದುಕೊಟ್ರು. ಅವರು ಕಟ್ಟಿಸಿದ ಸೇತುವೆ ಫೋಟೊ ತೆಗೆದ್ರೆ ಬಿರುಕೆಲ್ಲಾ ಕಾಣ್ತಿತ್ತಂತೆ."

ಚನ್ನಕೇಶವನ ಮುಖ ಅರಳಿತು. "ಇಲ್ಲೊಂದು ಹೂವಿನ ಗುರುತಿದೆಯಲ್ಲ?"

"ಅದನ್ನೊತ್ತಿದ್ರೆ ತೀರಾ ಹತ್ತಿರದ್ದು ಕಾಣ್ತದೆ. ಹೂವಿನ ಎಸಳು, ಚಿಟ್ಟೆಯ ರೆಕ್ಕೆ, ಅಂಥಾದ್ದು."

"ಗೆದ್ದಲು?"

ರುದ್ರಪ್ಪ ನಿಟ್ಟುಸಿರು ಬಿಟ್ಟ. "ಗೆದ್ದಲೂ."

ಪರೀಕ್ಷೆಗೆಂದು ಚನ್ನಕೇಶವ ಅಂಗಡಿಯ ಮೂಲೆಯ ತಾರಸಿಗೆ ಗುರಿಯಿಟ್ಟು ಒಂದು ಫೋಟೊ ಹೊಡೆದ. ಕಟ್ಟಡದ ಮಾಲೀಕರು ಹೋದ ವಾರವಷ್ಟೇ ಸುಣ್ಣ ಬಳಿಸಿದ್ದ ತಾರಸಿ ಅದು. ಸುಣ್ಣದ ಅಡಿಯ ಒದ್ದೆಯೆಲ್ಲ ಫೋಟೊದಲ್ಲಿ ಶರಾವತಿಯ ಹಿನ್ನೀರಿನ ನಕ್ಷೆಯಂತೆ ಹರಡಿಕೊಂಡಿತ್ತು. ರುದ್ರಪ್ಪ ಫೋಟೊ ನೋಡಿದ, ತಾರಸಿ ನೋಡಿದ, ಮತ್ತೆ ಫೋಟೊ ನೋಡಿದ. ಆಮೇಲೆ ಗಾಜಿನ ಪೆಟ್ಟಿಗೆಗಳನ್ನು ಆ ಮೂಲೆಯಿಂದ ಈಚೆಗೆ ಎಳೆಯತೊಡಗಿದ. ಚನ್ನಕೇಶವನೂ ಒಂದು ಕೈ ಹಿಡಿದ. ಕ್ಯಾಮೆರಾದ ಆಯ್ಕೆ ಹೀಗೆ ಮುಗಿಯಿತು.

ಭಾನುವಾರ ಲೈನಿನಲ್ಲಿ ಹಬ್ಬ. ಫೋಟೊ ತೆಗೆಯುತ್ತಾರೆಂದು ಮೇಸ್ತ್ರಿ ಗುರುವಯ್ಯ ಬೆಳಿಗ್ಗೆಯೇ ಕೂಗಿ ಹೇಳಿದ್ದ. ಎಲ್ಲರೂ ಪೌಡರು ಹಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ಗಿಡ್ಡಮ್ಮ ಗೋಣಿತಾಟು ಬಿಚ್ಚಿ, ಆ ಜಾಗಕ್ಕೆ ತನ್ನ ಧಾರೆ ಸೀರೆಯನ್ನು ಇಳಿಬಿಟ್ಟಿದ್ದಳು.

"ಅದನ್ನ ತೆಗಿ," ಎಂದ ಚನ್ನಕೇಶವ.

"ಯಾಕೆ ರೈಟ್ರೇ? ಫೋಟೊ ತೆಗೆಯೋವಾಗ ಮನೆ ಮಾನ ಮುಚ್ಚಬಾರದಾ?"

"ಮುಚ್ಚಬಾರದು. ಚೆನ್ನಾಗಿ ಕಾಣಬೇಕು ಅಂತ ಸಾಹುಕಾರ್ರೇ ಬಾಯಾರೆ ಹೇಳಿದಾರೆ."

"ಬಿದ್ದಿರೋದೂ ಕಾಣಬೇಕಂತಾ?"

"ಅದೇ ಮೊದಲು ಕಾಣಬೇಕು."

ಗಿಡ್ಡಮ್ಮ ಸೀರೆ ಮಡಚಿ ಎದೆಗೊತ್ತಿಕೊಂಡು ನಿಂತಳು. "ಹಂಗಾದ್ರೆ ಕಟ್ಟಿಸ್ತಾರೆ ಅನ್ನಿ."

"ಕಟ್ಟಿಸದೆ ಇದ್ರೆ ನೋಡೋದು ಯಾಕೆ?" ಎಂದು ಚನ್ನಕೇಶವ ಡಿಜಿಟಲ್ ವಾಚಿನ ಕೈಯನ್ನು ಗಾಳಿಯಲ್ಲಿ ಆಡಿಸಿ ಹೇಳಿದ. ಅವನ ಪ್ರಶ್ನೆ ನ್ಯಾಯವಾದದ್ದೇ. ನೋಡಿದ ಮೇಲೂ ಕಟ್ಟಿಸದವರು ಇರುತ್ತಾರೆಂದು ಯಾವ ಕ್ಯಾಮೆರಾದ ಡಬ್ಬಿಯ ಮೇಲೂ ಬರೆದಿರುವುದಿಲ್ಲ.

ಕಂಡದ್ದನ್ನು ಕಟ್ಟಿಸುತ್ತಾರೆ ಎಂಬ ಸುದ್ದಿ ಲೈನಿನ ಆ ತುದಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಷ್ಟು ವರ್ಷ ಚಾಪೆ, ಕ್ಯಾಲೆಂಡರು, ದೇವರ ಪಟಗಳಿಂದ ಮುಚ್ಚಿಟ್ಟಿದ್ದ ಬಿರುಕುಗಳನ್ನೆಲ್ಲ ಜನ ಹೊರತೆಗೆದರು. ಕಣದಲ್ಲಿ ಕಾಫಿ ಹರವಿದ ಹಾಗೆ ಲೈನು ತನ್ನ ಬಡತನವನ್ನು ಬಿಸಿಲಿಗೆ ಹರವಿತು.

"ರೈಟ್ರೇ, ನಮ್ಮನೆಗೆ ಬನ್ನಿ! ಬಿರುಕಿನಲ್ಲಿ ಕೈ ಹೋಗ್ತದೆ!"

"ಕೈ ಏನು ಮಹಾ, ನಮ್ಮನೆ ಬಿರುಕಲ್ಲಿ ಕೋಳಿ ಮೊಟ್ಟೆ ಇಡ್ತದೆ!"

"ಗೆದ್ದಲಿಗೆ ಹೂವಿಂದು ಒತ್ತಿ ರೈಟ್ರೇ, ಹೂವಿಂದು!"

ಕೊನೆಗೆ ಮೇಸ್ತ್ರಿ ಗುರುವಯ್ಯನೂ ಅತ್ತಿತ್ತ ನೋಡಿ ಚನ್ನಕೇಶವನ ಕಿವಿಯ ಹತ್ತಿರ ಬಂದ. "ನಮ್ಮನೆ ಸೋರೋ ಮಾಡಿಂದೂ ಒಂದು ಹೊಡೆದುಬಿಡು ಮಾರಾಯ. ಯಾರಿಗೂ ಹೇಳ್ಬೇಡ."

ಆ ಮಧ್ಯಾಹ್ನ ಬಂಗಲೆಗೆ ಮಂಜಯ್ಯನವರ ಹೆಂಡತಿ ತಿಮ್ಮಮ್ಮನವರ ತವರಿನ ಕಡೆಯವರು ಊಟಕ್ಕೆ ಬಂದಿದ್ದರು. ಕ್ಯಾಮೆರಾದ ಹಳದಿ ವಯರನ್ನು ಟೀವಿಗೆ ಸಿಕ್ಕಿಸಿದರೆ ಎಲ್ಲರೂ ನೋಡಬಹುದು ಎಂದು ಚನ್ನಕೇಶವ ತಿಳಿಸಿದ. ಮಂಜಯ್ಯನವರು ಎಲೆಯಡಿಕೆ ಬಾಯಿಗಿಟ್ಟುಕೊಂಡು, "ನಮ್ಮ ಆಳುಗಳನ್ನ ಹೆಂಗಿಟ್ಟಿದೀವಿ ನೋಡಿ," ಎಂದು ನೆಂಟರನ್ನು ಕೂರಿಸಿದರು.

ಮೊದಲ ಫೋಟೊ ಟೀವಿಯ ತುಂಬ ಕಪ್ಪುಹಸಿರಾಗಿ ಮೂಡಿತು. ಭಾವಮೈದ ಕನ್ನಡಕ ಸರಿಮಾಡಿಕೊಂಡ. "ಭಾವ, ಇದು ಹೊಟ್ಟೆಯೊಳಗಿನ ಸ್ಕ್ಯಾನಿಂಗಾ?"

"ಗೋಡೆಯ ಬೂಷ್ಟು ಸಾರ್," ಎಂದು ಚನ್ನಕೇಶವ ವಿನಯದಿಂದ ವಿವರಿಸಿದ. "ಹೂವಿನ ಗುರುತಲ್ಲಿ ತೆಗೆದಿದ್ದು."

ಎರಡನೆಯದರಲ್ಲಿ ಕೋಳಿ, ಬಿರುಕು, ಮೊಟ್ಟೆ. ಮೂರನೆಯದು ಗಿಡ್ಡಮ್ಮನ ಮನೆ. ಒಲೆ, ಪಾತ್ರೆ, ಚಾಪೆ ಎಲ್ಲವೂ ಒಂದೇ ನೋಟದಲ್ಲಿ ಹಿಡಿದಿದ್ದವು. ಹಿಂಗೋಡೆಯಿರಬೇಕಾದ ಜಾಗದಲ್ಲಿ, ಕಟ್ಟು ಹಾಕಿಸಿದ ಚಿತ್ರಪಟದ ಹಾಗೆ, ಗುಡ್ಡದ ಮೇಲಿನ ಮಂಜಯ್ಯನವರ ಬಂಗಲೆ.

"ಅಯ್ಯೋ, ನಮ್ಮನೆ!" ಎಂದು ತಿಮ್ಮಮ್ಮನವರು ಸಂತೋಷ ತಡೆಯಲಾರದೆ ಚಪ್ಪಾಳೆ ತಟ್ಟಿದರು. "ಎಷ್ಟು ಚೆನ್ನಾಗಿ ಕಾಣ್ತಿದೆ ನೋಡ್ರೀ!"

ಮಂಜಯ್ಯನವರ ಬಾಯಿಯ ಎಲೆಯಡಿಕೆ ಬಾಯಲ್ಲೇ ಉಳಿಯಿತು. "ಇದೇನೋ ಇದು?"

"ಗಿಡ್ಡಮ್ಮನ ಮನೆ ಸಾರ್."

"ಮನೆ ಚೆನ್ನಾಗಿ ಕಾಣಬೇಕು ಅಂತ ಹೇಳಿದ್ನೋ ಇಲ್ವೋ?"

"ಚೆನ್ನಾಗೇ ಕಾಣ್ತಿದೆಯಲ್ಲ ಸಾರ್. ಮುಂದಿನದ್ರಲ್ಲಿ ಗೆದ್ದಲು ಇನ್ನೂ ಚೆನ್ನಾಗಿದೆ."

ಮಂಜಯ್ಯನವರು ಎದ್ದುಹೋಗಿ ಟೀವಿಯ ಸ್ವಿಚ್ಚನ್ನೇ ಆರಿಸಿದರು. ನೆಂಟರು ಹವಾಮಾನದ ಬಗ್ಗೆ ಮಾತಾಡತೊಡಗಿದರು.

ಹಿತ್ತಿಲಿಗೆ ಕರೆದುಕೊಂಡು ಹೋಗಿ ಕೊಟ್ಟ ಆರ್ಡರಿನಲ್ಲಿ ಎರಡು ಅರ್ಥಕ್ಕೆ ಜಾಗವಿರಲಿಲ್ಲ. ತೆಗೆದದ್ದನ್ನೆಲ್ಲ ಅಳಿಸಬೇಕು. ಬೆಂಗಳೂರಿನ ಪ್ರವಾಸಿಗಳಿಗೆಂದು ಲೈನಿನ ಮೇಲ್ಗಡೆ ಕಟ್ಟಿಸಿದ ಹೊಸ ಹೋಂ ಸ್ಟೇ ಕಾಟೇಜು ಇದೆಯಲ್ಲ, ಅದರ ಬೋರ್ಡು ಕಿತ್ತು ಬಾಗಿಲಿಗೆ ಮನೆ ನಂಬರು ಬರೆಯಬೇಕು. ಗಿಡ್ಡಮ್ಮನನ್ನು ಅಲ್ಲಿ ನಿಲ್ಲಿಸಿ ಫೋಟೊ ತೆಗೆಯಬೇಕು. ನೋಡಲು ಬರುವವರಿಗೂ ಅದನ್ನೇ ಅವಳ ಮನೆಯೆಂದು ತೋರಿಸಬೇಕು. ಉಳಿದ ಮನೆಗಳೂ ಹೀಗೆಯೇ ಎನ್ನಬೇಕು.

ಚನ್ನಕೇಶವ ಎಲ್ಲವನ್ನೂ ಗಿಡ್ಡಮ್ಮನಿಗೆ ತಿಳಿಸಿದ.

"ಅದು ನನ್ನ ಮನೆ ಅಲ್ವಲ್ಲ ರೈಟ್ರೇ."

"ಫೋಟೊದಲ್ಲಿ ನಿಂದೇ."

"ಫೋಟೊ ಆದ ಮೇಲೆ?"

"ಆ ಬಗ್ಗೆ ಆರ್ಡರು ಬಂದಿಲ್ಲ," ಎಂದ ಚನ್ನಕೇಶವ. ಅದು ಸತ್ಯ.

ಗಿಡ್ಡಮ್ಮ ಬಿಚ್ಚಿಟ್ಟಿದ್ದ ಗೋಣಿತಾಟನ್ನು ಮತ್ತೆ ಆ ಜಾಗಕ್ಕೆ ಕಟ್ಟಿದಳು. ಆಮೇಲೆ, "ಅವ್ರು ಯಾವತ್ತು ಬರ್ತಾರೆ?" ಎಂದು ಕೇಳಿದಳು.

ಪರದೇಶದವರ ಪರವಾಗಿ ಬೆಂಗಳೂರಿನಿಂದ ಬರುವವರು ಗಗನಾ ಮೇಡಂ. ಅವರು ಬರುವ ದಿನ ಮಂಜಯ್ಯನವರೇ ಕಾಟೇಜಿನ ಮುಂದೆ ನಿಂತು ಏರ್ಪಾಟು ನೋಡಿಕೊಂಡರು. ಒಳಗೆ ಹೊಳೆಯುವ ನಲ್ಲಿ, ಅಂಟಿಸಿದ ಟೈಲು, ಮೂಲೆಗೊಂದು ಗ್ಯಾಸ್ ಒಲೆ. ವಾಸವಿರುವ ಕಳೆಯೇ ಇಲ್ಲವೆಂದು ಅವರಿಗೆ ಅನ್ನಿಸಿತು. "ಅವಳ ಪಾತ್ರೆ ಪಗಡೆ, ಹಾಸಿಗೆ, ದೇವರ ಪಟ ಎಲ್ಲಾ ತಂದು ಇಡ್ಸೋ. ಎಷ್ಟೋ ವರ್ಷದಿಂದ ಇದಾಳೆ ಅನ್ನಿಸಬೇಕು."

ಚನ್ನಕೇಶವ ಸಾಮಾನು ಹೊರಿಸಿದ. ಗಿಡ್ಡಮ್ಮ ಒಂದು ಸೌಟನ್ನೂ ಹಿಂದೆ ಬಿಡಲಿಲ್ಲ.

ಮೇಡಂ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವ ಹೊತ್ತಿಗೆ ಒಳಗೆ ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಕಾಫಿಗಿಟ್ಟಿರಬೇಕೆಂದು ತಿಳಿದ ಚನ್ನಕೇಶವ ಅದು ಉಕ್ಕಿ ಬರುವುದನ್ನು ಕಂಡು ಆರಿಸಲು ಓಡಿದ. ಗಿಡ್ಡಮ್ಮ ಅವನ ಕೈ ಹಿಡಿದಳು. "ಉಕ್ಲಿ ಬಿಡಿ ರೈಟ್ರೇ."

ಹಾಲು ಉಕ್ಕಿ ಮೂಡಣ ದಿಕ್ಕಿಗೆ ಹರಿಯಿತು. ಗಿಡ್ಡಮ್ಮ ದೇವರ ಪಟದ ಕಡೆ ಕೈ ಮುಗಿದಳು. ಹೊಸ ಮನೆಯನ್ನು ಹೊಕ್ಕವರು ಮಾಡುವ ಶಾಸ್ತ್ರ ಅದೆಂದು, ಹೊರಗೆ ಮೇಡಮ್ಮಿನ ಜೀಪಿನ ಡ್ರೈವರನೊಡನೆ ಕಾಫಿ ಬೆಲೆಯ ಬಗ್ಗೆ ಮಾತಾಡುತ್ತಿದ್ದ ಮಂಜಯ್ಯನವರಿಗೆ ಹೊಳೆಯಲಿಲ್ಲ. ಮೇಡಂ ಅಂತೂ, "ವಾಹ್, ಕಮೋಡ್ ಕೂಡಾ ಇದೆ!" ಎಂದು ಬಚ್ಚಲಿನಿಂದಲೇ ಕೂಗಿ ಹೇಳಿದರು.

ಅಷ್ಟರಲ್ಲಿ ಕೆಳಗಿನ ದಾರಿಯಲ್ಲಿ ಆಟೊ ನಿಂತಿತು. ಜವರಮ್ಮ ಇಳಿದಳು, ಹಿಂದೆಯೇ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಪವಿತ್ರಾ. ಗೋಡೆ ಎದ್ದಿದೆ, ಇವತ್ತೇ ಬನ್ನಿ ಎಂದು ಗಿಡ್ಡಮ್ಮ ಹಿಂದಿನ ದಿನವೇ ಗೋಣಿಬೀಡಿನ ಬಸ್ಸಿನ ಕಂಡಕ್ಟರನ ಬಾಯಲ್ಲಿ ಹೇಳಿ ಕಳಿಸಿದ್ದಳು.

ಜವರಮ್ಮ ಯಾರನ್ನೂ ಮಾತಾಡಿಸದೆ ಒಳಗೆ ಹೋಗಿ ನಾಲ್ಕೂ ಗೋಡೆಗಳನ್ನು ಬೆರಳ ಗಂಟಿನಿಂದ ತಟ್ಟಿ ನೋಡಿದಳು. ಹಿಂಗೋಡೆಯನ್ನು ಮಾತ್ರ ಅಂಗೈಯಿಂದ ತಳ್ಳಿದಳು. ಅದು ಜಗ್ಗಲಿಲ್ಲ. ಹೊರಗೆ ಬಂದು ಮಂಜಯ್ಯನವರೆದುರು ನಿಂತಳು.

"ಅಯ್ಯಾ, ದೊಡ್ಡೋರು ನೀವು. ನಂಬಿ ಸೊಸೇನ ಬಿಟ್ಟು ಹೋಗ್ತೀನಿ. ಇದು ಗಿಡ್ಡಮ್ಮನ ಮನೆಯೇ ತಾನೆ?"

ಹೊರಗೆ ಬಂದಿದ್ದ ಮೇಡಂ ಪೆನ್ನು ಹಿಡಿದು ಮಂಜಯ್ಯನವರ ಮುಖ ನೋಡಿದರು. ಬೇಲಿಯಾಚೆ ನಿಂತಿದ್ದ ಇಡೀ ಲೈನು ಅವರ ಮುಖ ನೋಡಿತು.

"ಹೌ... ಹೌದಮ್ಮ. ಅವಳದ್ದೇ."

"ಏನು? ಗಾಳಿಗೆ ಕೇಳಿಸ್ಲಿಲ್ಲ."

"ಗಿಡ್ಡಮ್ಮನದ್ದೇ ಮನೆ ಅಂತ ಹೇಳಿದ್ನಲ್ಲ!" ಎಂದು ಮಂಜಯ್ಯನವರು ಗುಡ್ಡಕ್ಕೆ ಕೇಳಿಸುವಂತೆ ಕೂಗಿದರು.

ಮೇಡಂ ಕಣ್ಣು ಒದ್ದೆ ಮಾಡಿಕೊಂಡು ಬಸುರಿಯ ತಲೆ ಸವರಿದರು. ಇಂಥ ಎಸ್ಟೇಟನ್ನು ತಾನು ನೋಡೇ ಇಲ್ಲವೆಂದು ಹೇಳಿ ಜೀಪು ಹತ್ತಿದರು. ಅವರ ಬೆನ್ನಿಗೇ ಮಂಜಯ್ಯನವರು ಚನ್ನಕೇಶವನ ಕಡೆ ತಿರುಗಿದರು. "ನಾಟಕ ಸಾಕು. ಸಾಮಾನು ಕೆಳಗೆ ಹೊರ್ಸು. ಬೀಗ ಹಾಕಿ ಕೀ ತಂದ್ಕೊಡು." ಹೇಳಿ ಬಂಗಲೆಗೆ ನಡೆದರು.

ಚನ್ನಕೇಶವ ಬಾಗಿಲಿಗೆ ಬರುವಷ್ಟರಲ್ಲಿ ಒಳಗಿನಿಂದ ಚಿಲಕ ಬಿದ್ದಿತ್ತು. ತಟ್ಟಿದ. ಜವರಮ್ಮ ಕಿಟಕಿ ತೆರೆದಳು.

"ಯಾರು?"

"ರೈಟ್ರು. ಗಿಡ್ಡಮ್ಮ ಹೊರಗೆ ಬರ್ಬೇಕಂತೆ."

"ಬೀಗಿತ್ತಿ ಮಗಳ ಕಾಲಿಗೆ ಎಣ್ಣೆ ತಿಕ್ಕುತಿದಾರೆ. ಆಮೇಲೆ ಬನ್ನಿ."

ಅವನು ಗುಡ್ಡ ಹತ್ತಿ ಹೋಗಿ ಹೇಳಿದ. ಮಂಜಯ್ಯನವರು ಕೂಗಾಡಿ ವಾಪಸು ಅಟ್ಟಿದರು. ಮತ್ತೆ ಗುಡ್ಡ ಇಳಿದು ಬಂದ. ಈ ಸಲ ಗಿಡ್ಡಮ್ಮನೇ ಬಾಗಿಲು ತೆರೆದು ಹೊಸಿಲ ಒಳಗೆ ನಿಂತಳು. ಬೇಲಿಯ ಹತ್ತಿರ ಜನ ಇನ್ನೂ ಕದಲಿರಲಿಲ್ಲ; ಮೇಸ್ತ್ರಿ ಗುರುವಯ್ಯನೂ ಅವರ ನಡುವೆ ನಿಂತಿದ್ದ.

"ಸಾಹುಕಾರ್ರು ಕರೀತಿದಾರೆ ಗಿಡ್ಡಮ್ಮ. ಬಂಗಲೆಗೆ ಬರ್ಬೇಕಂತೆ. ಈಗಲೇ."

"ಬರಲ್ಲ."

"ನಾಳೆಯಿಂದ ಕೆಲ್ಸ ಇಲ್ಲ ಅಂತಾರೆ."

"ಅನ್ಲಿ."

"ಪೊಲೀಸ್ರನ್ನ ಕರೆಸ್ತಾರಂತೆ."

"ಕರೆಸ್ಲಿ. ಅವ್ರೂ ಇದು ಯಾರ ಮನೆ ಅಂತಾನೇ ಮೊದಲು ಕೇಳೋದು. ಮೇಡಮ್ಮೋರ ಎದುರು ಕೂಗಿದ ಹಂಗೇ ಅಯ್ಯೋರು ಇನ್ನೊಂದ್ಸಲ ಕೂಗ್ಲಿ."

ಚನ್ನಕೇಶವ ಕ್ಯಾಮೆರಾವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದ. "ನನ್ನ ಪಾಡಾದ್ರೂ ನೋಡು ತಾಯಿ. ಹೋಗಿ ಏನಂತ ಹೇಳ್ಲಿ?"

"ಗಿಡ್ಡಮ್ಮ ಮನೇಲಿದಾಳೆ ಅಂತ ಹೇಳಿ. ಮಗಳು ಬಂದಿದಾಳೆ, ಕೈ ಬಿಡುವಿಲ್ಲ. ಮಾತಾಡೋದಿದ್ರೆ ಅಯ್ಯೋರೇ ಇಳಿದು ಬರ್ಲಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರ್ಲಿ. ನಾನು ಬರಲ್ಲ."